ಇಪ್ಪತ್ತು ಚುಕ್ಕಿಗಳ ನೆರಳು: ಒಂದೇ ಸಲ ಕಂಡ ಗ್ರಹವನ್ನು ಗುರುತಿಸುವುದು ಹೇಗೆ?

2012ರ ಜೂನ್ 6ರ ಬೆಳಗ್ಗೆ ನಿಮಗೆ ನೆನಪಿರಬಹುದು. ಗ್ರಹಣದ ಕನ್ನಡಕ ಹಾಕಿಕೊಂಡು ಜನ ಮಹಡಿ ಹತ್ತಿದ್ದರು. ಮೋಡ ಸರಿದ ಕಡೆಗಳಲ್ಲಿ ಸೂರ್ಯನ ಬಿಲ್ಲೆಯ ಮೇಲೆ ಒಂದು ಪುಟ್ಟ ಕರಿ ಚುಕ್ಕಿ ಕಂಡಿತು. ಅದು ಶುಕ್ರ. ನಮ್ಮಲ್ಲಿ ಸೂರ್ಯ ಹುಟ್ಟುವ ಹೊತ್ತಿಗಾಗಲೇ ಅದು ಬಿಲ್ಲೆಯ ಒಳಗೆ ಬಂದಾಗಿತ್ತು. ಹತ್ತೂಕಾಲರ ಸುಮಾರಿಗೆ ಅಂಚು ದಾಟಿ ಹೋಯಿತು. ಮತ್ತೆ ಹಾಗೆ ಕಾಣುವುದು 2117ರ ಡಿಸೆಂಬರಿನಲ್ಲಿ.

ಆ ಚುಕ್ಕಿಯ ಅಗಲ ಸೂರ್ಯನ ಅಗಲದ ಸುಮಾರು 33ರಲ್ಲಿ ಒಂದು ಪಾಲು. ಹಾಗಾಗಿ ಅದು ಮರೆ ಮಾಡಿದ ಬೆಳಕು ಸಾವಿರದಲ್ಲಿ ಒಂದು ಪಾಲಿನಷ್ಟು. ಬಿಸಿಲು ಕಡಿಮೆಯಾಯಿತು ಅಂತ ಯಾರಿಗೂ ಅನಿಸಲಿಲ್ಲ, ಅಲ್ವಾ? ಆದರೆ ಒಳ್ಳೆಯ ಬೆಳಕಿನ ಮೀಟರ್ ಇಟ್ಟಿದ್ದರೆ ಅದರ ಗ್ರಾಫಿನಲ್ಲಿ ಒಂದು ತಗ್ಗು ಬಿದ್ದಿರುತ್ತಿತ್ತು.

ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹಗಳನ್ನು, ಅಂದರೆ ಹೊರಗ್ರಹಗಳನ್ನು, ನಾವು ಹೆಚ್ಚಾಗಿ ಪತ್ತೆ ಮಾಡುವುದು ಇದೇ ದಾರಿಯಲ್ಲಿ. ನಕ್ಷತ್ರ ತುಂಬಾ ದೂರ ಇರುವುದರಿಂದ ಬಿಲ್ಲೆ ಕಾಣುವುದಿಲ್ಲ, ಕರಿ ಚುಕ್ಕಿಯೂ ಕಾಣುವುದಿಲ್ಲ. ಬೆಳಕಿನ ಅಳತೆ ಮಾತ್ರ ಸಿಗುತ್ತದೆ. ಗ್ರಹ ಅಡ್ಡ ಬಂದಾಗ ಬೆಳಕು ಒಂದಿಷ್ಟು ತಗ್ಗುತ್ತದೆ, ದಾಟಿ ಹೋದ ಮೇಲೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಇದಕ್ಕೆ ಟ್ರಾನ್ಸಿಟ್ ಎನ್ನುತ್ತಾರೆ. ಇವತ್ತಿಗೆ ನಮಗೆ ಗೊತ್ತಿರುವ ಹೊರಗ್ರಹಗಳು 6 ಸಾವಿರಕ್ಕೂ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಹೀಗೆಯೇ.

ಆದರೆ ಆ ಪಟ್ಟಿಯನ್ನು ನೋಡುತ್ತಾ ಹೋದರೆ ಒಂದು ಕೊರತೆ ಕಾಣುತ್ತದೆ. ಹತ್ತು ದಿನಕ್ಕೊಮ್ಮೆ, ಇಪ್ಪತ್ತು ದಿನಕ್ಕೊಮ್ಮೆ ತಮ್ಮ ನಕ್ಷತ್ರವನ್ನು ಸುತ್ತಿ ಮುಗಿಸುವ ಗ್ರಹಗಳು ರಾಶಿ ರಾಶಿ ಇವೆ. ಭೂಮಿಯಷ್ಟೇ ಚಿಕ್ಕದಾಗಿದ್ದು, ಒಂದು ಸುತ್ತಿಗೆ ವರ್ಷ ತೆಗೆದುಕೊಳ್ಳುವಂಥವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಥ ಗ್ರಹಗಳು ಅಪರೂಪ ಅಂತ ಇದರ ಅರ್ಥ ಅಲ್ಲ. ನಾವು ಹುಡುಕುವ ರೀತಿಯೇ ಅವುಗಳನ್ನು ಕೈಬಿಡುತ್ತದೆ.

ಮೂರು ಸಲ ಕಾಣಬೇಕು ಎಂಬ ನಿಯಮ

2009ರ ಮಾರ್ಚ್‌ನಲ್ಲಿ ನಾಸಾ ಹಾರಿಸಿದ ಕೆಪ್ಲರ್ ದೂರದರ್ಶಕ ನಾಲ್ಕು ವರ್ಷ ಆಕಾಶದ ಒಂದೇ ಭಾಗವನ್ನು ನೋಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಬೆಳಕನ್ನು ಸುಮಾರು ಅರ್ಧ ಗಂಟೆಗೊಮ್ಮೆ ದಾಖಲಿಸಿತು. ಆ ದಾಖಲೆಗಳನ್ನು ಜಾಲಾಡುವ ಸಾಫ್ಟ್‌ವೇರಿಗೆ ಒಂದು ನಿಯಮ ಇತ್ತು. ತಗ್ಗು ಕಡೇಪಕ್ಷ ಮೂರು ಸಲ, ಸಮನಾದ ಅಂತರದಲ್ಲಿ ಕಾಣಬೇಕು. ಒಂದು ಸಲ ಕಂಡರೆ ಅನುಮಾನ. ಎರಡನೇ ಸಲ ಕಂಡರೆ ಅಂತರ ಗೊತ್ತಾಗುತ್ತದೆ. ಮೂರನೆಯದು ಲೆಕ್ಕ ಹಾಕಿದ ದಿನವೇ ಬಂದರೆ ನಂಬಿಕೆ ಹುಟ್ಟುತ್ತದೆ.

ಇದು ಒಳ್ಳೆಯ ನಿಯಮ. ಅದರಿಂದ ಇನ್ನೊಂದು ಲಾಭವೂ ಇದೆ. ಭೂಮಿ ಸೂರ್ಯನಿಗೆ ಅಡ್ಡ ಬರುವುದನ್ನು ದೂರದ ಇನ್ಯಾವುದೋ ನಕ್ಷತ್ರದಿಂದ ಯಾರಾದರೂ ನೋಡಿದರೆ ಅವರಿಗೆ ಕಾಣುವ ಕುಸಿತ 10 ಲಕ್ಷದಲ್ಲಿ 84 ಪಾಲು ಮಾತ್ರ. ನಕ್ಷತ್ರದ ಮೇಲ್ಮೈ ಸದಾ ಕುದಿಯುತ್ತಿರುತ್ತದೆ, ಅದರಿಂದ ಬೆಳಕು ತಾನೇ ಒಂದಿಷ್ಟು ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕ್ಯಾಮೆರಾದ್ದೂ ಒಂದಿಷ್ಟು ಗದ್ದಲ ಇರುತ್ತದೆ. ಒಂದು ತಗ್ಗು ಆ ಗದ್ದಲದಲ್ಲಿ ಮುಳುಗಿಹೋಗಬಹುದು. ಆದರೆ ಹತ್ತಾರು ತಗ್ಗುಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದರೆ ಗದ್ದಲ ಒಂದನ್ನೊಂದು ಕಳೆದುಕೊಳ್ಳುತ್ತದೆ, ತಗ್ಗು ಉಳಿಯುತ್ತದೆ. ಹತ್ತು ದಿನದ ಗ್ರಹಕ್ಕೆ ನಾಲ್ಕು ವರ್ಷದಲ್ಲಿ 140ಕ್ಕೂ ಹೆಚ್ಚು ತಗ್ಗು ಸಿಗುತ್ತವೆ. ಒಂದು ವರ್ಷದ ಗ್ರಹಕ್ಕೆ ಸಿಗುವುದು ನಾಲ್ಕು. ಗುರುವಿನಂತೆ 12 ವರ್ಷಕ್ಕೊಮ್ಮೆ ಸುತ್ತುವ ಗ್ರಹಕ್ಕೆ ಅದೃಷ್ಟ ಇದ್ದರೆ ಒಂದು.

ಅದಕ್ಕಿಂತ ಮೊದಲು ಇನ್ನೊಂದು ತೊಡಕು ಇದೆ. ಗ್ರಹದ ದಾರಿ ನಮ್ಮ ದೃಷ್ಟಿಗೆ ಸರಿಯಾಗಿ ಅಡ್ಡ ಬರುವಂತೆ ಇರಬೇಕು. ಭೂಮಿಯಷ್ಟು ದೂರದಲ್ಲಿ ಸುತ್ತುವ ಗ್ರಹಕ್ಕೆ ಆ ಸಾಧ್ಯತೆ 200ರಲ್ಲಿ ಒಂದು. ಹಾಗೆ ಸರಿಯಾಗಿ ಜೋಡಣೆಯಾದ ಅಪರೂಪದ ಗ್ರಹವನ್ನು 'ಒಂದೇ ಸಲ ಕಂಡಿತು' ಎಂಬ ಕಾರಣಕ್ಕೆ ಬಿಟ್ಟುಬಿಟ್ಟರೆ ತುಂಬಾ ನಷ್ಟ. ನನಗೆ ಈ ವಿಷಯ ಮುಖ್ಯ ಅನಿಸುವುದು ಇದಕ್ಕೇ. ನಮ್ಮ ಭೂಮಿಯನ್ನು ಯಾರಾದರೂ ಮೂರು ತಿಂಗಳು ಹುಡುಕಿದ್ದರೆ, ಅವರಿಗೆ ಹೆಚ್ಚೆಂದರೆ ಒಂದು ತಗ್ಗು ಸಿಗುತ್ತಿತ್ತು.

ತುಲಾ ರಾಶಿಯ ಒಂದು ನಕ್ಷತ್ರ

2013ರ ಮೇ ತಿಂಗಳಲ್ಲಿ ಕೆಪ್ಲರಿನ ಎರಡನೇ ಚಕ್ರ ಕೆಟ್ಟಿತು. ದೂರದರ್ಶಕವನ್ನು ಅಲುಗಾಡದಂತೆ ಹಿಡಿಯುತ್ತಿದ್ದ ನಾಲ್ಕು ಚಕ್ರಗಳಲ್ಲಿ ಉಳಿದದ್ದು ಎರಡೇ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಎಂಜಿನಿಯರುಗಳು ಒಂದು ಉಪಾಯ ಕಂಡುಕೊಂಡರು. ಬಿಸಿಲಿಗೂ ಒಂದು ಒತ್ತಡ ಇದೆ. ದೂರದರ್ಶಕವನ್ನು ಸರಿಯಾದ ಕೋನದಲ್ಲಿ ತಿರುಗಿಸಿ ನಿಲ್ಲಿಸಿದರೆ ಆ ಒತ್ತಡ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗುತ್ತದೆ, ಅದು ಹೊರಳುವುದಿಲ್ಲ. ಹೀಗೆ 2014ರಲ್ಲಿ ಕೆ2 ಎಂಬ ಎರಡನೇ ಇನಿಂಗ್ಸ್ ಶುರುವಾಯಿತು. ಆದರೆ ಈ ಸಮತೋಲನ ಸಿಗುವುದು ಗ್ರಹಗಳು ಓಡಾಡುವ ಪಟ್ಟಿಯ ಕಡೆ ನೋಡಿದಾಗ ಮಾತ್ರ. ನಾವು ಹನ್ನೆರಡು ರಾಶಿ ಅಂತ ಕರೆಯುತ್ತೇವಲ್ಲ, ಅದೇ ಪಟ್ಟಿ. ಒಂದೊಂದು ಕಡೆ ಸುಮಾರು 80 ದಿನ ನೋಡಿ, ಮುಂದಿನ ಜಾಗಕ್ಕೆ ಹೋಗಬೇಕಿತ್ತು.

ಹಾಗೆ 2017ರಲ್ಲಿ ಅದು ತುಲಾ, ವೃಶ್ಚಿಕದ ಕಡೆ ನೋಡುತ್ತಿದ್ದಾಗ ಎಚ್‌ಡಿ 137010 ಎಂಬ ನಕ್ಷತ್ರದ ಬೆಳಕೂ ದಾಖಲಾಯಿತು. ನಮ್ಮಿಂದ ಸುಮಾರು 146 ಜ್ಯೋತಿರ್ವರ್ಷ ದೂರ. ಸೂರ್ಯನಿಗಿಂತ ಚಿಕ್ಕದು, ತಂಪು, ಕಿತ್ತಳೆ ಬಣ್ಣದ್ದು. ಬರಿಗಣ್ಣಿಗೆ ಕಾಣುವುದಿಲ್ಲ, ಚಿಕ್ಕ ಟೆಲಿಸ್ಕೋಪಿಗೆ ಕಾಣುತ್ತದೆ.

ಆ ಗ್ರಾಫನ್ನು ಹತ್ತಿರದಿಂದ ನೋಡೋಣ. ಅರ್ಧ ಗಂಟೆಗೆ ಒಂದು ಚುಕ್ಕಿ. ಸುಮಾರು ಮೂರು ತಿಂಗಳಿಗೆ 4 ಸಾವಿರದಷ್ಟು ಚುಕ್ಕಿಗಳು. ಎಲ್ಲವೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ, ಇರುವೆ ಸಾಲಿನಂತೆ ಸಾಗುತ್ತವೆ. ಒಂದು ಕಡೆ ಮಾತ್ರ ಸುಮಾರು 20 ಚುಕ್ಕಿಗಳು ಒಟ್ಟಾಗಿ ಕೆಳಗಿಳಿದಿವೆ. ಇಳಿದದ್ದು 10 ಲಕ್ಷದಲ್ಲಿ ಸುಮಾರು 225 ಪಾಲು. ಹತ್ತು ಗಂಟೆ ಹಾಗೇ ಇದ್ದು, ಮತ್ತೆ ಸಾಲಿಗೆ ಸೇರಿಕೊಂಡಿವೆ. ಅಷ್ಟೇ. ಇನ್ನೊಂದು ಸಲ ಇಲ್ಲ.

ಸಮನಾದ ಅಂತರ ಹುಡುಕುವ ಸಾಫ್ಟ್‌ವೇರಿಗೆ ಇದು ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಮರುಕಳಿಕೆ. ಇದನ್ನು ಕಂಡದ್ದು ಮನುಷ್ಯರ ಕಣ್ಣು. ಪ್ಲಾನೆಟ್ ಹಂಟರ್ಸ್ ಎಂಬ ಯೋಜನೆ 2010ರ ಡಿಸೆಂಬರಿನಿಂದ ಇಂಥ ಗ್ರಾಫುಗಳನ್ನು ಸಾಮಾನ್ಯ ಜನರ ಮುಂದೆ ಇಡುತ್ತಿದೆ. ಯಾರು ಬೇಕಾದರೂ ನೋಡಿ, ತಗ್ಗು ಕಂಡರೆ ಗುರುತು ಹಾಕಬಹುದು. ಹೀಗೆ ನೋಡಿದ ಹವ್ಯಾಸಿಗಳಿಗೆ ಈ 20 ಚುಕ್ಕಿಗಳು ಕಂಡವು. ಅವರಲ್ಲಿ ಒಬ್ಬರು ಅಲೆಕ್ಸಾಂಡರ್ ವೆನರ್, ಆಗಿನ್ನೂ ಹೈಸ್ಕೂಲಿನಲ್ಲಿದ್ದವರು. 2026ರ ಜನವರಿಯಲ್ಲಿ ಈ ಗ್ರಹದ ಬಗ್ಗೆ ಸಂಶೋಧನಾ ಲೇಖನ ಹೊರಬಂದಾಗ ಅದರ ಮೊದಲ ಲೇಖಕರು ಅವರೇ. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ಹುಡುಗನಾಗಿದ್ದಾಗ ಕಂಡ ಒಂದು ತಗ್ಗನ್ನು ಅವರು ಕೈಬಿಡಲಿಲ್ಲ.

ಒಂದು ತಗ್ಗಿನಲ್ಲಿ ಏನೇನು ಬರೆದಿರುತ್ತದೆ?

ಮೊದಲು ಗಾತ್ರ. ಅದು ಸುಲಭ. ತಗ್ಗು ಎಷ್ಟು ಆಳ ಇದೆಯೋ, ನಕ್ಷತ್ರದ ಬಿಲ್ಲೆಯ ಅಷ್ಟು ಪಾಲನ್ನು ಗ್ರಹ ಮುಚ್ಚಿದೆ. ಎಚ್‌ಡಿ 137010ರ ಅಗಲ ಸೂರ್ಯನ ಅಗಲದ ಸುಮಾರು ಶೇ 70. ಅಂದರೆ ಬಿಲ್ಲೆಯ ವಿಸ್ತಾರ ಹತ್ತಿರ ಹತ್ತಿರ ಅರ್ಧ. ಭೂಮಿ ಸೂರ್ಯನ ಮುಂದೆ 84 ಪಾಲು ತಗ್ಗಿಸಿದರೆ, ಇಲ್ಲಿ ಅದರ ಎರಡರಷ್ಟು ತಗ್ಗಿಸಬೇಕು. ಜೊತೆಗೆ ನಕ್ಷತ್ರದ ಬಿಲ್ಲೆ ಅಂಚಿನಲ್ಲಿ ಮಂಕು, ನಡುವೆ ಪ್ರಖರ. ನಡುಭಾಗವನ್ನು ಮುಚ್ಚಿದಾಗ ನಷ್ಟ ಇನ್ನೂ ಸ್ವಲ್ಪ ಜಾಸ್ತಿ. ಇದನ್ನೆಲ್ಲ ಸೇರಿಸಿದರೆ ಗ್ರಹದ ಅಗಲ ಭೂಮಿಗಿಂತ ಶೇ 6ರಷ್ಟು ಮಾತ್ರ ದೊಡ್ಡದು ಎಂದು ಬರುತ್ತದೆ.

ಇನ್ನು ಕಷ್ಟದ ಪ್ರಶ್ನೆ. ಮತ್ತೆ ಯಾವಾಗ ಬರುತ್ತದೆ? ಒಂದೇ ಸಲ ಕಂಡಿರುವಾಗ ಇದನ್ನು ಹೇಳುವುದು ಹೇಗೆ?

ಹಳ್ಳಿಯ ಬಸ್ ನಿಲ್ದಾಣದಲ್ಲಿ ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ಒಂದು ಬಸ್ಸು ಒಂದು ಸಲ ಹಾದುಹೋಯಿತು. ಅದರ ವೇಳಾಪಟ್ಟಿ ನಿಮಗೆ ಗೊತ್ತಿಲ್ಲ. ಆದರೆ ಎದುರಿನ ಅಂಗಡಿಯ ಈ ಮೂಲೆಯಿಂದ ಆ ಮೂಲೆಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಗಮನಿಸಿದ್ದರೆ, ಅದರ ವೇಗ ಗೊತ್ತಾಗುತ್ತದೆ. ಬಸ್ಸಿನ ವೇಗದಿಂದ ಅದು ಯಾವಾಗ ವಾಪಸ್ ಬರುತ್ತದೆ ಅಂತ ಹೇಳಲಾಗದು. ಗ್ರಹದ ವೇಗದಿಂದ ಹೇಳಬಹುದು. ಯಾಕೆಂದರೆ ಗ್ರಹಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ನಕ್ಷತ್ರದಿಂದ ದೂರ ಹೋದಷ್ಟೂ ಅವು ನಿಧಾನ. ಬುಧ ಸೆಕೆಂಡಿಗೆ 47 ಕಿಲೋಮೀಟರ್ ಓಡುತ್ತದೆ, ಅದರ ವರ್ಷ 88 ದಿನ. ಭೂಮಿ 30 ಕಿಲೋಮೀಟರ್, 365 ದಿನ. ಗುರು 13 ಕಿಲೋಮೀಟರ್, ಸುಮಾರು 12 ವರ್ಷ. ವೇಗ ಹೇಳಿದರೆ ವರ್ಷ ಹೇಳಿದ ಹಾಗೆ.

ಈಗ ಭೂಮಿಯನ್ನೇ ಲೆಕ್ಕ ಹಾಕಿ ನೋಡಿ. ಸೂರ್ಯನ ಅಗಲ 13.9 ಲಕ್ಷ ಕಿಲೋಮೀಟರ್. ಭೂಮಿ ಗಂಟೆಗೆ 1.07 ಲಕ್ಷ ಕಿಲೋಮೀಟರ್ ಓಡುತ್ತದೆ. ಭಾಗಿಸಿದರೆ 13 ಗಂಟೆ. ಹೊರಗಿನಿಂದ ನೋಡುವವರಿಗೆ ಭೂಮಿಯ ತಗ್ಗು 13 ಗಂಟೆ ಇರುತ್ತದೆ. ಎಚ್‌ಡಿ 137010ರ ಅಗಲ ಸುಮಾರು 9.8 ಲಕ್ಷ ಕಿಲೋಮೀಟರ್. ತಗ್ಗು ಇದ್ದದ್ದು 10 ಗಂಟೆ. ಅಂದರೆ ಗ್ರಹದ ವೇಗ ಗಂಟೆಗೆ ಸುಮಾರು 98 ಸಾವಿರ ಕಿಲೋಮೀಟರ್, ಸೆಕೆಂಡಿಗೆ 27. ಆ ನಕ್ಷತ್ರದ ತೂಕ ಸೂರ್ಯನಿಗಿಂತ ಕಡಿಮೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ, ಆ ವೇಗದಲ್ಲಿ ಓಡುವ ಗ್ರಹದ ವರ್ಷ ನಮ್ಮ ವರ್ಷದ ಆಸುಪಾಸಿಗೆ ಬರುತ್ತದೆ. ಸಂಶೋಧಕರು ಹೇಳಿದ ಸಂಖ್ಯೆ 355 ದಿನ. ಹತ್ತು ಗಂಟೆಯ ನೆರಳಿನಿಂದ ಒಂದು ಇಡೀ ವರ್ಷವನ್ನು ಓದಿದ್ದು ಹೀಗೆ.

ಇದು ಕೆಲಸ ಮಾಡಬೇಕಾದರೆ ನಕ್ಷತ್ರದ ಅಗಲ, ತೂಕ ಚೆನ್ನಾಗಿ ಗೊತ್ತಿರಬೇಕು. ಯುರೋಪಿನ ಗಾಯಾ ದೂರದರ್ಶಕ ಕೋಟ್ಯಂತರ ನಕ್ಷತ್ರಗಳ ದೂರವನ್ನು ಕರಾರುವಾಕ್ಕಾಗಿ ಅಳೆದುಕೊಟ್ಟಿದ್ದು ಇಲ್ಲಿ ದೊಡ್ಡ ಉಪಕಾರ. ದೂರ ಗೊತ್ತಾದರೆ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಅದರಿಂದ ಗಾತ್ರ ಗೊತ್ತಾಗುತ್ತದೆ.

ತಪ್ಪು ಮೂರು ಪಟ್ಟಾಗುವ ಕಥೆ

ಆದರೆ ಆ 355 ಸಾಕಷ್ಟು ತಪ್ಪಿರುವ ಸಾಧ್ಯತೆಯೂ ಇದೆ. ನಿಜವಾದ ಸಂಖ್ಯೆ 300ರ ಹತ್ತಿರ ಇರಬಹುದು, 550ರ ಹತ್ತಿರವೂ ಇರಬಹುದು. ಯಾಕೆ ಇಷ್ಟು ಅಗಲದ ಅಂದಾಜು?

ಬುಧ ಮತ್ತು ಗುರುವನ್ನು ಮತ್ತೆ ನೋಡಿ. ವೇಗದ ವ್ಯತ್ಯಾಸ ಮೂರೂವರೆ ಪಟ್ಟು ಚಿಲ್ಲರೆ. ವರ್ಷದ ವ್ಯತ್ಯಾಸ ಹತ್ತಿರ ಹತ್ತಿರ 50 ಪಟ್ಟು. ವೇಗದ ವ್ಯತ್ಯಾಸವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ವರ್ಷದ ವ್ಯತ್ಯಾಸ ಸಿಗುತ್ತದೆ. ಹಾಗಾಗಿ ವೇಗದಲ್ಲಿ ಶೇ 10 ತಪ್ಪಿದರೆ ವರ್ಷದಲ್ಲಿ ಶೇ 30 ತಪ್ಪುತ್ತದೆ.

ವೇಗ ತಪ್ಪುವುದು ಎಲ್ಲಿ? ಗ್ರಹ ಬಿಲ್ಲೆಯ ನಟ್ಟನಡುವೆಯೇ ಹಾದುಹೋಯಿತು ಅಂತ ನಾನು ಮೇಲೆ ಸುಮ್ನೆ ಹಿಡಿದುಕೊಂಡು ಲೆಕ್ಕ ಮಾಡಿದೆ. ಅದು ಸ್ವಲ್ಪ ಮೇಲಿನಿಂದಲೋ ಕೆಳಗಿನಿಂದಲೋ ಹೋಗಿರಬಹುದು. ಆಗ ದಾರಿ ಗಿಡ್ಡ. ನಡುವಿಗೂ ಅಂಚಿಗೂ ಮಧ್ಯದ ಅರ್ಧ ದೂರದಲ್ಲಿ ಹಾದರೆ ದಾರಿಯ ಉದ್ದ ಶೇ 13 ಕಡಿಮೆ. ತಗ್ಗೂ ಅಷ್ಟು ಗಿಡ್ಡ. ಗೊತ್ತಿಲ್ಲದೆ ನಡುವೆಯೇ ಹೋಯಿತು ಅಂದುಕೊಂಡರೆ, 365 ದಿನದ ಗ್ರಹವನ್ನು 237 ದಿನದ್ದು ಅಂತ ಬರೆದುಬಿಡುತ್ತೇವೆ.

ಇದನ್ನು ಗುರುತಿಸಲು ತಗ್ಗಿನ ಅಂಚುಗಳನ್ನು ನೋಡಬೇಕು. ನಡುವೆ ಹಾದುಹೋಗುವ ಗ್ರಹ ಬಿಲ್ಲೆಯೊಳಗೆ ಬೇಗ ನುಗ್ಗುತ್ತದೆ, ತಗ್ಗಿನ ಗೋಡೆ ಕಡಿದಾಗಿರುತ್ತದೆ. ಓರೆಯಾಗಿ ಹಾಯುವ ಗ್ರಹ ನಿಧಾನಕ್ಕೆ ಒಳಗೆ ಜಾರುತ್ತದೆ, ಗೋಡೆ ಇಳಿಜಾರು. ದೊಡ್ಡ ಗ್ರಹಗಳಲ್ಲಿ ಈ ಇಳಿಜಾರು ಚೆನ್ನಾಗಿ ಕಾಣುತ್ತದೆ. ಚಿಕ್ಕ ಗ್ರಹಗಳಲ್ಲೇ ತೊಂದರೆ. ಭೂಮಿಯಷ್ಟು ಗ್ರಹ ಪೂರ್ತಿ ಒಳಗೆ ಬರಲು ತೆಗೆದುಕೊಳ್ಳುವುದು 7–8 ನಿಮಿಷ. ನಮ್ಮ ಚುಕ್ಕಿಗಳೋ ಅರ್ಧ ಗಂಟೆಗೊಂದು. ಆ ಇಳಿಜಾರು ಪೂರ್ತಿಯಾಗಿ ಎರಡು ಚುಕ್ಕಿಗಳ ನಡುವೆ ಅಡಗಿಹೋಗುತ್ತದೆ. ಇನ್ನು ಗ್ರಹದ ದಾರಿ ವೃತ್ತವಾಗಿರದೆ ಮೊಟ್ಟೆಯಾಕಾರದಲ್ಲಿದ್ದರೆ ಒಂದೊಂದು ಜಾಗದಲ್ಲಿ ಒಂದೊಂದು ವೇಗ. ಅದೂ ಅಂದಾಜಿಗೆ ಸೇರುತ್ತದೆ.

ಅದು ಗ್ರಹವೇ ಹೌದಾ?

ಒಂದೇ ತಗ್ಗಿನ ಮೇಲೆ ಇಷ್ಟೆಲ್ಲ ಕಟ್ಟುವ ಮೊದಲು ಆ ತಗ್ಗು ನಿಜ ಅಂತ ಗಟ್ಟಿ ಮಾಡಿಕೊಳ್ಳಬೇಕು. ಕೆ2 ದಾಖಲೆಗಳಲ್ಲಿ ಮೋಸ ಮಾಡುವ ಸಂಗತಿಗಳು ಬಹಳ. ಬಿಸಿಲಿನ ಒತ್ತಡದ ಮೇಲೆ ನಿಂತ ದೂರದರ್ಶಕ ಮೆಲ್ಲಗೆ ಹೊರಳುತ್ತಿತ್ತು, ಸುಮಾರು ಆರು ಗಂಟೆಗೊಮ್ಮೆ ಅನಿಲ ಚಿಮ್ಮಿಸಿ ಅದನ್ನು ಸರಿಪಡಿಸುತ್ತಿದ್ದರು. ಪ್ರತಿ ಸಲವೂ ನಕ್ಷತ್ರದ ಬೆಳಕು ಬೇರೆ ಪಿಕ್ಸೆಲ್ ಮೇಲೆ ಬೀಳುತ್ತಿತ್ತು, ಗ್ರಾಫ್ ಗರಗಸದ ಹಲ್ಲಿನಂತಾಗುತ್ತಿತ್ತು. ಅದನ್ನು ಲೆಕ್ಕ ಹಾಕಿ ತೆಗೆದುಹಾಕಬೇಕು. ಬಾಹ್ಯಾಕಾಶದ ಕಣವೊಂದು ಬಡಿದು ಪಿಕ್ಸೆಲ್ ಒಂದು ಮಂಕಾಗುವುದುಂಟು. ರಾಶಿಗಳ ಪಟ್ಟಿಯಲ್ಲಿ ಕ್ಷುದ್ರಗ್ರಹಗಳ ಓಡಾಟವೂ ಜಾಸ್ತಿ. ಒಂದು ಕ್ಷುದ್ರಗ್ರಹ ಪಕ್ಕದಲ್ಲಿ ಹಾದುಹೋದರೆ ಹಿನ್ನೆಲೆಯ ಬೆಳಕಿನ ಲೆಕ್ಕ ಏರುಪೇರಾಗಿ, ಇಲ್ಲದ ತಗ್ಗು ಹುಟ್ಟಿಕೊಳ್ಳಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಹಿಂದೆ ಅಡಗಿರುವ ಜೋಡಿ ನಕ್ಷತ್ರ. ಒಂದನ್ನೊಂದು ಮರೆಮಾಡುವ ಎರಡು ಮಂಕು ನಕ್ಷತ್ರಗಳು ನಮ್ಮ ನಕ್ಷತ್ರದ ನೇರಕ್ಕೆ ದೂರದಲ್ಲಿದ್ದರೆ, ಅವುಗಳ ದೊಡ್ಡ ಗ್ರಹಣ ನಮ್ಮ ನಕ್ಷತ್ರದ ಬೆಳಕಿನಲ್ಲಿ ಕರಗಿ ಚಿಕ್ಕ ತಗ್ಗಾಗಿ ಕಾಣುತ್ತದೆ. ಇದಕ್ಕೆ ಒಂದು ಚಂದದ ಪರೀಕ್ಷೆ ಇದೆ. ಹತ್ತಿರದ ನಕ್ಷತ್ರಗಳು ದಶಕಗಳಲ್ಲಿ ಆಕಾಶದಲ್ಲಿ ಸ್ವಲ್ಪ ಜರುಗುತ್ತವೆ. ಹಾಗಾಗಿ 1950ರ ದಶಕದ ಹಳೆಯ ಫೋಟೋ ತೆಗೆದು ನೋಡುತ್ತಾರೆ. ಆಗ ನಕ್ಷತ್ರ ಬೇರೆ ಜಾಗದಲ್ಲಿತ್ತು. ಅದು ಈಗ ನಿಂತಿರುವ ಜಾಗ ಆ ಫೋಟೋದಲ್ಲಿ ಖಾಲಿ ಕಂಡರೆ ಹಿಂದೆ ಯಾರೂ ಅಡಗಿಲ್ಲ. ಗಾಜಿನ ಫಲಕದ ಮೇಲೆ ತೆಗೆದ ಹಳೆಯ ಚಿತ್ರ ಇವತ್ತಿನ ಗ್ರಹಕ್ಕೆ ಸಾಕ್ಷಿ ಹೇಳುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಎರಡನೇ ಸಲ ಹಿಡಿಯುವ ದಾರಿಗಳು

ದೊಡ್ಡ ಗ್ರಹವಾದರೆ ಕಾಯುವ ಕಷ್ಟ ಕಡಿಮೆ. ಗ್ರಹ ಸುತ್ತುವಾಗ ನಕ್ಷತ್ರವನ್ನೂ ಒಂದಿಷ್ಟು ಎಳೆದಾಡುತ್ತದೆ. ಆ ಓಲಾಟವನ್ನು ಅಳೆದರೆ ಎಷ್ಟು ದಿನಕ್ಕೊಂದು ಸುತ್ತು ಎನ್ನುವುದು ಗೊತ್ತಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಹಾರಿದ ಟೆಸ್ ದೂರದರ್ಶಕ ಒಂದೊಂದು ಭಾಗವನ್ನು ಸುಮಾರು 27 ದಿನ ಮಾತ್ರ ನೋಡುತ್ತದೆ. ಅದರಲ್ಲಿ ಒಂದೇ ಸಲ ಕಂಡ ಟಿಒಐ-2180 ಬಿ ಎಂಬ ಗುರುವಿನಷ್ಟು ದೊಡ್ಡ ಗ್ರಹದ ವರ್ಷ 261 ದಿನ ಎಂದು ಹೀಗೆ ತಿಳಿಯಿತು. ಅದನ್ನೂ ಮೊದಲು ಕಂಡದ್ದು ಹವ್ಯಾಸಿಗಳೇ. ಆದರೆ ಭೂಮಿ ಸೂರ್ಯನನ್ನು ಎಳೆದಾಡುವುದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ಅದು ಇರುವೆ ನಡಿಗೆಗೆ ಹತ್ತಿರದ ವೇಗ. ಇವತ್ತಿನ ಉಪಕರಣಗಳಿಗೆ ಅಷ್ಟು ಸಣ್ಣ ಓಲಾಟ ಹಿಡಿಯುವುದು ಆಗುತ್ತಿಲ್ಲ.

ಇನ್ನೊಂದು ದಾರಿ ಅಕ್ಕಪಕ್ಕದ ಗ್ರಹಗಳನ್ನು ಕೇಳುವುದು. ಎಚ್‌ಡಿ 110067 ಎಂಬ ನಕ್ಷತ್ರದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 100 ಜ್ಯೋತಿರ್ವರ್ಷ ದೂರ. ಟೆಸ್ 2020ರಲ್ಲೂ 2022ರಲ್ಲೂ ಅದನ್ನು ನೋಡಿದಾಗ ತಗ್ಗುಗಳು ಕಲಸುಮೇಲೋಗರವಾಗಿದ್ದವು. ಮೊದಲು ಎರಡು ಗ್ರಹಗಳು ಬಿಡಿಸಿ ಬಂದವು, 9.114 ದಿನದ್ದು ಮತ್ತು 13.673 ದಿನದ್ದು. ಆಮೇಲೆ ಯುರೋಪಿನ ಕೆಯಾಪ್ಸ್ ದೂರದರ್ಶಕದಿಂದ ಮೂರನೆಯದು ಖಚಿತವಾಯಿತು, 20.519 ದಿನ. ಈ ಮೂರನ್ನು ಪಕ್ಕಪಕ್ಕ ಇಟ್ಟು ಭಾಗಿಸಿ ನೋಡಿ. ಎರಡು ಸಲವೂ ಒಂದೂವರೆ ಬರುತ್ತದೆ. ಒಳಗಿನದು ಮೂರು ಸುತ್ತು ಹಾಕುವಾಗ ಹೊರಗಿನದು ಎರಡು ಸುತ್ತು. ತಾಳ ಹಾಕಿದ ಹಾಗೆ. ಹಾಗಾದರೆ ಉಳಿದ ಒಂಟಿ ತಗ್ಗುಗಳೂ ಇದೇ ತಾಳಕ್ಕೆ ಸೇರಬೇಕಲ್ಲ? ರಾಫೆಲ್ ಲೂಕೆ ಅವರ ತಂಡ ಲೆಕ್ಕ ಹಾಕಿತು. ನಾಲ್ಕನೆಯದು 30.793 ದಿನಕ್ಕೆ ಕೂತಿತು, ಮತ್ತೆ ಮೂರಕ್ಕೆ ಎರಡು. ಐದು, ಆರನೆಯವು 41.058 ಮತ್ತು 54.769 ದಿನಕ್ಕೆ, ನಾಲ್ಕಕ್ಕೆ ಮೂರರ ತಾಳದಲ್ಲಿ. ಯಾರದ್ದು ಅಂತ ಗೊತ್ತಿಲ್ಲದೆ ಉಳಿದಿದ್ದ ತಗ್ಗುಗಳಿಗೆಲ್ಲ ಒಡೆಯರು ಸಿಕ್ಕರು. 2023ರ ನವೆಂಬರಿನಲ್ಲಿ ಇದು ಪ್ರಕಟವಾಯಿತು.

ಎಲ್ಲ ಕಡೆ ಇಂಥ ತಾಳ ಇರುವುದಿಲ್ಲ. ಇಲ್ಲದ ಕಡೆ ಮತ್ತೆ ನೋಡಬೇಕು, ಕಾಯಬೇಕು. ಎರಡನೇ ತಗ್ಗು ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಎರಡರ ನಡುವೆ 730 ದಿನ ಇದ್ದರೆ ವರ್ಷ 730 ದಿನ ಇರಬಹುದು, 365 ಇರಬಹುದು, 243 ಇರಬಹುದು. ನಡುವೆ ನೋಡದೆ ಬಿಟ್ಟ ದಿನಗಳಲ್ಲಿ ಅದು ಬಂದು ಹೋಗಿರಬಹುದಲ್ಲ. ಆ ಒಂದೊಂದು ಸಾಧ್ಯತೆಯ ದಿನಾಂಕಕ್ಕೂ ದೂರದರ್ಶಕ ತಿರುಗಿಸಿ, ಬಂತಾ ಇಲ್ಲವಾ ಅಂತ ನೋಡುತ್ತಾ ಹೋಗಬೇಕು.

ಎಚ್‌ಡಿ 137010 ಬಿ, ಅಂದರೆ ನಮ್ಮ 20 ಚುಕ್ಕಿಗಳ ಗ್ರಹ, ಈಗ ಇರುವುದು ಇದಕ್ಕಿಂತ ಒಂದು ಹೆಜ್ಜೆ ಹಿಂದೆ. ಅದಿನ್ನೂ ಅಭ್ಯರ್ಥಿ ಗ್ರಹ, ಖಚಿತವಾದ ಗ್ರಹ ಅಲ್ಲ. ಅಂದಾಜು ಸರಿಯಿದ್ದರೆ ಅದಕ್ಕೆ ಸಿಗುವ ಬೆಳಕು ನಮಗೆ ಸಿಗುವುದರ ಮೂರನೇ ಒಂದು ಪಾಲಿಗೂ ಕಡಿಮೆ. ಮೇಲ್ಮೈ ಮಂಗಳನಷ್ಟು, ಅದಕ್ಕಿಂತಲೂ ತಂಪಾಗಿರಬಹುದು, ಮೈನಸ್ 68 ಡಿಗ್ರಿಯ ಆಸುಪಾಸು. ದಪ್ಪ ವಾತಾವರಣ ಇದ್ದರೆ ಬೇರೆ ಮಾತು. ಇದನ್ನೆಲ್ಲ ಪರೀಕ್ಷಿಸಲು ಇನ್ನೊಂದು ತಗ್ಗು ಬೇಕು, ಆದರೆ ಅದು ಯಾವ ದಿನ ಬರುತ್ತದೆ ಎನ್ನುವುದರಲ್ಲಿ ತಿಂಗಳುಗಳ ಅನಿಶ್ಚಿತತೆ ಇದೆ. ಯಾವ ದೂರದರ್ಶಕವೂ ಒಂದೇ ನಕ್ಷತ್ರದ ಮುಂದೆ ತಿಂಗಳುಗಟ್ಟಲೆ ಕೂರಲಾಗುವುದಿಲ್ಲ. ಕೆಪ್ಲರ್ 2018ರ ಅಕ್ಟೋಬರಿನಲ್ಲಿ ಇಂಧನ ಮುಗಿದು ನಿಂತಿತು. ವರ್ಷ 355 ದಿನವೇ ಆಗಿದ್ದರೆ, 2017ರ ಆ ಹತ್ತು ಗಂಟೆಗಳ ನಂತರ, ಲೇಖನ ಪ್ರಕಟವಾಗುವ ಹೊತ್ತಿಗೆ ಆ ಗ್ರಹ ಎಂಟು ಸಲ ತನ್ನ ನಕ್ಷತ್ರಕ್ಕೆ ಅಡ್ಡ ಬಂದು ಹೋಗಿದೆ.